74 ದಿನಗಳ ಲೆಕ್ಕ: ದುಡಿಮೆಯ ಜಾಗದ ರಾಸಾಯನಿಕಗಳು ಮತ್ತು ಗಂಡಸಿನ ಫಲವಂತಿಕೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲ್ಯಾಥ್ರಾಪ್ ಎಂಬ ಊರಿದೆ. 1970ರ ದಶಕದಲ್ಲಿ ಅಲ್ಲಿನ ಕೀಟನಾಶಕ ಕಾರ್ಖಾನೆಯ ಒಂದು ವಿಭಾಗದಲ್ಲಿ ಡಿಬಿಸಿಪಿ ಎಂಬ ದ್ರವವನ್ನು ಬೆರೆಸಿ ತುಂಬುವ ಕೆಲಸ ನಡೆಯುತ್ತಿತ್ತು. ಬೆಳೆಯ ಬೇರಿಗೆ ಹತ್ತುವ ನೆಮಟೋಡ್ ಹುಳುಗಳನ್ನು ಕೊಲ್ಲಲು ಮಣ್ಣಿಗೆ ಉಣಿಸುತ್ತಿದ್ದ ಔಷಧಿ ಅದು. ಆ ವಿಭಾಗದ ಗಂಡಸರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುವಾಗ ಒಂದು ಸಂಗತಿ ಗಮನಕ್ಕೆ ಬಂತು: ಇಲ್ಲಿಗೆ ಸೇರಿದ ಮೇಲೆ ಹೆಚ್ಚಿನವರಿಗೆ ಮಕ್ಕಳೇ ಆಗಿಲ್ಲ. ಒಬ್ಬಿಬ್ಬರದಾಗಿದ್ದರೆ ಹಣೆಬರಹ ಎಂದು ಸುಮ್ಮನಾಗಬಹುದಿತ್ತು. ಇದು ಇಡೀ ಗುಂಪಿನ ಕತೆ. ಕೆಲವರು ಧೈರ್ಯ ಮಾಡಿ ವೀರ್ಯ ಪರೀಕ್ಷೆಗೆ ಮುಂದಾದರು. 1977ರಲ್ಲಿ ವೈದ್ಯರು ಕ್ರಮಬದ್ಧವಾಗಿ ತಪಾಸಣೆ ಮಾಡಿದಾಗ ಹೊರಬಿದ್ದ ಲೆಕ್ಕ ಎಷ್ಟು ನೇರವಾಗಿತ್ತೆಂದರೆ ಅದನ್ನು ಓದಲು ಸಂಖ್ಯಾಶಾಸ್ತ್ರವೇ ಬೇಕಿರಲಿಲ್ಲ. ಪ್ರತಿ ಮಿಲಿಲೀಟರಿಗೆ 10 ಲಕ್ಷಕ್ಕಿಂತ ಕಡಿಮೆ ವೀರ್ಯಾಣು ಇದ್ದವರೆಲ್ಲ ಕನಿಷ್ಠ 3 ವರ್ಷ ಅಲ್ಲಿ ದುಡಿದವರು. 4 ಕೋಟಿಗಿಂತ ಹೆಚ್ಚಿದ್ದವರು ಬಂದು 3 ತಿಂಗಳೂ ತುಂಬದವರು.

ಇದಕ್ಕಿಂತ ಹೆಚ್ಚು ಕಾಡುವ ವಿಷಯ ಬೇರೆ ಇದೆ. ಡಿಬಿಸಿಪಿಯ ಆವಿ ಕುಡಿಸಿದ ಇಲಿಗಳ ವೃಷಣ ಒಣಗಿ ಕುಗ್ಗುತ್ತದೆ ಎಂಬುದು 1961ರಲ್ಲೇ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದನ್ನು ತಯಾರಿಸುತ್ತಿದ್ದ ಡೌ ಮತ್ತು ಶೆಲ್ ಕಂಪನಿಗಳಿಗೇ ಸಂಬಂಧಿಸಿದ ಸಂಶೋಧನೆ ಅದು. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲೂ ಇರಬಹುದೇ ಎಂದು ಕೇಳಲು 16 ವರ್ಷ ಹಿಡಿಯಿತು. ಕೇಳಿದವರು ವಿಜ್ಞಾನಿಗಳಲ್ಲ, ಡ್ರಮ್ ತುಂಬುವವರು. ಆಮೇಲೆ ಎಲ್ಲವೂ ಚುರುಕಾಗಿಯೇ ನಡೆಯಿತು. 1978ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ, ಗಾಳಿಯಲ್ಲಿ ಡಿಬಿಸಿಪಿ ನೂರು ಕೋಟಿಯಲ್ಲಿ ಒಂದು ಪಾಲು ಮೀರಬಾರದೆಂದು ಕಟ್ಟು ಮಾಡಿತು. 1979ರಲ್ಲಿ ಹವಾಯಿಯ ಅನಾನಸ್ ತೋಟಗಳನ್ನು ಬಿಟ್ಟು ಉಳಿದೆಡೆ ಬಳಕೆ ನಿಂತಿತು. ಆದರೆ ಹೊರದೇಶಕ್ಕೆ ಹೋದ ಡ್ರಮ್‌ಗಳು ಅಷ್ಟು ಬೇಗ ನಿಲ್ಲಲಿಲ್ಲ. ಕೋಸ್ಟಾ ರಿಕಾ, ನಿಕರಾಗುವಾ ಮೊದಲಾದ ದೇಶಗಳ ಬಾಳೆ ತೋಟಗಳಲ್ಲಿ ಅದೇ ದ್ರವವನ್ನು ಮಣ್ಣಿಗೆ ಚುಚ್ಚುತ್ತಿದ್ದ ಸಾವಿರಾರು ಕೂಲಿಗಳು ಮುಂದೆ ದಶಕಗಳ ಕಾಲ ಕೋರ್ಟಿಗೆ ಅಲೆದರು.

ಈ ಪ್ರಕರಣವನ್ನು ಅದಕ್ಕೆ ಎರಡು ವರ್ಷ ಹಿಂದಿನ ಇನ್ನೊಂದರ ಪಕ್ಕದಲ್ಲಿಟ್ಟು ನೋಡಬೇಕು. 1975ರಲ್ಲಿ ವರ್ಜೀನಿಯಾದ ಹೋಪ್‌ವೆಲ್‌ನಲ್ಲಿ ಕೆಪೋನ್ ಎಂಬ ಕೀಟನಾಶಕ ತಯಾರಿಸುತ್ತಿದ್ದವರ ಕೈ ನಡುಗತೊಡಗಿತು, ಕಣ್ಣುಗುಡ್ಡೆ ತಾನಾಗಿ ಹೊಯ್ದಾಡತೊಡಗಿತು. ಅವರ ವೀರ್ಯಾಣುವೂ ಕುಸಿದಿತ್ತು. ಆದರೆ ಕಾರ್ಖಾನೆ ಮುಚ್ಚಿಸಿದ್ದು ಆ ನಡುಕ. ಲ್ಯಾಥ್ರಾಪ್‌ನವರಿಗೆ ನಡುಕವೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ತೂಕ ಇಳಿದಿರಲಿಲ್ಲ, ದಾಂಪತ್ಯಸುಖಕ್ಕೂ ಅಡ್ಡಿಯಾಗಿರಲಿಲ್ಲ. ಆರೋಗ್ಯವಂತ ಗಂಡಸು, ವೀರ್ಯದಲ್ಲಿ ಮಾತ್ರ ಏನೂ ಇಲ್ಲ. ಈ ಹಾನಿ ಕಣ್ಣಿಗೆ ಬೀಳದಿರುವುದಕ್ಕೆ ಮೊದಲ ಕಾರಣ ಇದೇ: ಮಗು ಬೇಕೆನಿಸುವವರೆಗೂ ಅದು ಯಾವ ಸುಳಿವನ್ನೂ ಕೊಡುವುದಿಲ್ಲ. ಬೇಕೆನಿಸಿದ ಮೇಲೂ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ಹೆಂಡತಿ. ಭಾಷೆಯೂ ಅದಕ್ಕೆ ತಕ್ಕಂತೆಯೇ ಇದೆ. ಹೆಣ್ಣಿಗೆ 'ಬಂಜೆ' ಎಂದು ಕರೆಯಲು ಪದ ಸಿದ್ಧವಾಗಿದೆ, ಗಂಡಿಗೆ ಅದಕ್ಕೆ ಸಮನಾದದ್ದು ರೂಢಿಯಲ್ಲಿಲ್ಲ. ಇರುವ 'ಷಂಡ', 'ನಪುಂಸಕ' ಎಂಬ ಬೈಗುಳಗಳು ಹೇಳುವುದು ಬೇರೆಯದನ್ನೇ. ಗಂಡಸ್ತನ ಸರಿಯಿದೆ ಎಂದಮಾತ್ರಕ್ಕೆ ವೀರ್ಯಾಣು ಸರಿಯಿದೆ ಎಂದಲ್ಲ. ಈ ಎರಡನ್ನು ಒಂದೇ ಎಂದುಕೊಂಡಿರುವುದರಿಂದಲೇ ಎಷ್ಟೋ ಗಂಡಸರು ಪರೀಕ್ಷೆಯ ಮಾತೆತ್ತಿದರೆ ಎದ್ದು ಹೋಗುತ್ತಾರೆ.

ಒಳಗಿನ ಕಾರ್ಖಾನೆ

ವೃಷಣವೂ ಒಂದು ಕಾರ್ಖಾನೆಯೇ, ಅದೂ ರಜೆಯಿಲ್ಲದ್ದು. ಸೆಕೆಂಡಿಗೆ ಸುಮಾರು ಸಾವಿರ ವೀರ್ಯಾಣುಗಳು ತಯಾರಾಗುತ್ತವೆ. ಒಂದು ಮೂಲಕೋಶ ಒಡೆದು, ಮತ್ತೆ ಒಡೆದು, ವರ್ಣತಂತುಗಳನ್ನು ಅರ್ಧ ಮಾಡಿಕೊಂಡು, ಬಾಲ ಬೆಳೆಸಿಕೊಂಡು ವೀರ್ಯಾಣುವಾಗಲು ಸುಮಾರು 74 ದಿನ ಬೇಕು. ಅಲ್ಲಿಂದ ಹೊರಟು ಸುರುಳಿ ನಾಳದಲ್ಲಿ ಹಾಯ್ದು ಈಜು ಕಲಿಯುವುದಕ್ಕೆ ಇನ್ನೊಂದೆರಡು ವಾರ. ಅಂದರೆ ಇವತ್ತಿನ ವೀರ್ಯ ಪರೀಕ್ಷೆ ಹೇಳುವುದು ಇವತ್ತಿನ ಕತೆಯನ್ನಲ್ಲ, ಕಳೆದ ಮೂರು ತಿಂಗಳ ಕತೆಯನ್ನು. ಈ ಒಂದು ಲೆಕ್ಕ ಗೊತ್ತಿದ್ದರೆ ಮುಂದಿನ ಅರ್ಧ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ.

ಎಲ್ಲಿ ಕೋಶಗಳು ಬಿಡುವಿಲ್ಲದೆ ಒಡೆಯುತ್ತವೋ ಅಲ್ಲಿ ವಿಷಕ್ಕೆ ಹಿಡಿತ ಸಿಗುವುದು ಸುಲಭ. ಬೆಳೆಯುತ್ತಿರುವ ವೀರ್ಯಾಣುಗಳನ್ನು ತಾಯಿಯಂತೆ ಸುತ್ತುವರಿದು ಉಣಿಸುವ ಸರ್ಟೋಲಿ ಕೋಶಗಳು ರಕ್ತಕ್ಕೂ ಅವುಗಳಿಗೂ ನಡುವೆ ಒಂದು ಗೋಡೆ ಕಟ್ಟಿಕೊಂಡಿರುತ್ತವೆ. ಆದರೆ ಮೂಲಕೋಶಗಳು ಇರುವುದು ಆ ಗೋಡೆಯ ಹೊರಗೆ, ರಕ್ತದ ಕಡೆಗೆ. ಸಣ್ಣ ಅಣುಗಳ ದ್ರಾವಕಗಳು ಗೋಡೆಯನ್ನೂ ದಾಟಬಲ್ಲವು. ಕೆಲವು ವಸ್ತುಗಳು ನೇರವಾಗಿ ಕೋಶಕ್ಕೆ ಕೈ ಹಾಕದೆ, ಮೆದುಳಿನ ಪಿಟ್ಯುಟರಿ ಗ್ರಂಥಿಯಿಂದ ಹೊರಡುವ ಹಾರ್ಮೋನ್ ಆಜ್ಞೆಯನ್ನೋ ವೃಷಣದ ಲೇಡಿಗ್ ಕೋಶಗಳಲ್ಲಿ ತಯಾರಾಗುವ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನನ್ನೋ ಕೆಡಿಸುತ್ತವೆ. ಇನ್ನು ಕೆಲವು ವೀರ್ಯಾಣುವಿನ ಸಂಖ್ಯೆಯನ್ನು ಮುಟ್ಟದೆ ಒಳಗಿನ ಡಿಎನ್ಎಯನ್ನು ಹರಿದುಹಾಕುತ್ತವೆ. ಆಗ ಎಣಿಕೆ ಚೆನ್ನಾಗಿಯೇ ಬರುತ್ತದೆ, ಗರ್ಭ ಮಾತ್ರ ನಿಲ್ಲುವುದಿಲ್ಲ, ನಿಂತರೂ ಉಳಿಯುವುದಿಲ್ಲ.

ಯಾವ ಹಂತಕ್ಕೆ ಪೆಟ್ಟು ಬಿತ್ತು ಎಂಬುದರ ಮೇಲೆ ವಾಪಸಾತಿ ನಿಂತಿದೆ. ನಡುಹಂತದ ಕೋಶಗಳು ಸತ್ತಿದ್ದರೆ, ಆ ವಸ್ತುವಿನಿಂದ ದೂರವಾದ ಮೂರ್ನಾಲ್ಕು ತಿಂಗಳಲ್ಲಿ ಹೊಸ ಬೆಳೆ ಬರುತ್ತದೆ. ಬಿತ್ತನೆ ಬೀಜದಂತಿರುವ ಮೂಲಕೋಶವೇ ಸುಟ್ಟಿದ್ದರೆ ಏನು ಮಾಡಿದರೂ ಇಲ್ಲ. ಡಿಬಿಸಿಪಿಗೆ ಸಿಕ್ಕಿದವರಲ್ಲಿ ಇವೆರಡೂ ಕಂಡವು. ಎಣಿಕೆ ಇಳಿದಿದ್ದವರಲ್ಲಿ ಹಲವರು ಚೇತರಿಸಿಕೊಂಡರು, ಸೊನ್ನೆಗೆ ಇಳಿದಿದ್ದವರಲ್ಲಿ ಅನೇಕರು ಸೊನ್ನೆಯಲ್ಲೇ ಉಳಿದರು. ಇಸ್ರೇಲಿನಲ್ಲಿ ಇಂಥ ಕಾರ್ಮಿಕರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ವೈದ್ಯರಿಗೆ, ಡಿಬಿಸಿಪಿಯ ಸಂಪರ್ಕಕ್ಕೆ ಬಂದ ಮೇಲೆ ಅವರಿಗೆ ಹುಟ್ಟಿದ ಮಕ್ಕಳಲ್ಲಿ ಗಂಡು ಕೂಸುಗಳು ಕಡಿಮೆ ಇದ್ದುದೂ ಕಂಡುಬಂತು.

ಸೀಸದ ಮುಂದೆ ಗಂಡು ಹೆಣ್ಣು

ಸೀಸ ಹಳೆಯ ವಿಷ. ಬ್ಯಾಟರಿ ಕಾರ್ಖಾನೆ, ಸೀಸ ಕರಗಿಸುವ ಕುಲುಮೆ, ಹಳೇ ಬಣ್ಣ ಕೆರೆಯುವ ಕೆಲಸ, ಗುಂಡು ಹಾರಿಸುವ ತರಬೇತಿ ಕೋಣೆ, ಇಲ್ಲೆಲ್ಲ ಅದರ ಧೂಳಿದೆ. ರೊಮೇನಿಯಾದ ವೈದ್ಯರು 1975ರಲ್ಲೇ ಬ್ಯಾಟರಿ ಕಾರ್ಮಿಕರ ವೀರ್ಯದಲ್ಲಿ ದೋಷಗಳನ್ನು ವರದಿ ಮಾಡಿದ್ದರು. 2002ರಲ್ಲಿ ಪ್ರಕಟವಾದ ಬ್ರಿಟನ್, ಇಟಲಿ, ಬೆಲ್ಜಿಯಂ ಕಾರ್ಮಿಕರ ಅಧ್ಯಯನದಲ್ಲಿ, ಒಂದು ಡೆಸಿಲೀಟರ್ ರಕ್ತದಲ್ಲಿ 50 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಇದ್ದವರ ವೀರ್ಯಾಣು ಸಾಂದ್ರತೆ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿತ್ತು. ಕೆಳಗಿನ ಮಟ್ಟಗಳಲ್ಲಿ ಚಿತ್ರ ಮಸುಕು. ರಕ್ತದ ಸೀಸ ಒಂದೆರಡು ತಿಂಗಳಲ್ಲಿ ಇಳಿಯುತ್ತದಾದರೂ ಮೂಳೆಯಲ್ಲಿ ಕೂತದ್ದು ದಶಕಗಳ ಕಾಲ ಚೂರುಚೂರೇ ರಕ್ತಕ್ಕೆ ಮರಳುತ್ತಿರುತ್ತದೆ.

1978ರಲ್ಲಿ ಓಶಾ ಸೀಸದ ನಿಯಮ ಬರೆಯುವಾಗಲೇ, ಮಕ್ಕಳು ಬೇಕೆನ್ನುವ ಕಾರ್ಮಿಕರು, ಗಂಡಾಗಲಿ ಹೆಣ್ಣಾಗಲಿ, ರಕ್ತದ ಸೀಸವನ್ನು 30 ಮೈಕ್ರೋಗ್ರಾಂಗಿಂತ ಕೆಳಗೆ ಇಟ್ಟುಕೊಳ್ಳಬೇಕೆಂದು ಹೇಳಿತ್ತು. ಆದರೆ ಕಾರ್ಖಾನೆಗಳ ಕಿವಿಗೆ ಬಿದ್ದದ್ದು ಅರ್ಧ ವಾಕ್ಯ. 1982ರಲ್ಲಿ ಬ್ಯಾಟರಿ ತಯಾರಕ ಜಾನ್ಸನ್ ಕಂಟ್ರೋಲ್ಸ್ ಕಂಪನಿ ಸೀಸದ ಕೆಲಸಗಳಿಂದ ಹೆಂಗಸರನ್ನೆಲ್ಲ ಹೊರಗಿಟ್ಟಿತು. ಮಕ್ಕಳಾಗುವುದಿಲ್ಲ ಎಂದು ವೈದ್ಯರ ಚೀಟಿ ತಂದವರಿಗೆ ಮಾತ್ರ ವಿನಾಯಿತಿ. ಹುಟ್ಟಲಿರುವ ಮಗುವಿನ ರಕ್ಷಣೆ ಎಂಬುದು ಅವರ ವಾದ. ವಿವಾದ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ಆ ತೀರ್ಪಿನಲ್ಲಿ ಫಿರ್ಯಾದಿಗಳ ವಿವರ ಓದಿದರೆ ಇಡೀ ಸಮಸ್ಯೆ ಅಂಗೈ ಮೇಲಿಟ್ಟಂತೆ ಕಾಣುತ್ತದೆ. ಒಬ್ಬಾಕೆ ಕೆಲಸ ಉಳಿಸಿಕೊಳ್ಳಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಳು. ಇನ್ನೊಬ್ಬ ಗಂಡಸು. ತಾನು ತಂದೆಯಾಗಬೇಕೆಂದಿದ್ದೇನೆ, ಮೈಯೊಳಗಿನ ಸೀಸ ಇಳಿಸಿಕೊಳ್ಳಲು ಸ್ವಲ್ಪ ಕಾಲ ರಜೆ ಕೊಡಿ ಎಂದು ಕೇಳಿದ್ದ. ಕೊಟ್ಟಿರಲಿಲ್ಲ. 1991ರ ಮಾರ್ಚ್ 20ರಂದು ಕೋರ್ಟು ಆ ನೀತಿ ಕಾನೂನುಬಾಹಿರ ಎಂದಿತು. ಸೀಸ ಗಂಡಸಿನ ಸಂತಾನಶಕ್ತಿಯನ್ನೂ ಕೆಡಿಸುತ್ತದೆಂಬ ಸಾಕ್ಷ್ಯ ಕಡತದಲ್ಲಿದ್ದರೂ ಕಂಪನಿ ಹೆಂಗಸರ ವಿಷಯದಲ್ಲಿ ಮಾತ್ರ ಕಾಳಜಿ ತೋರಿತು ಎಂಬುದನ್ನು ತೀರ್ಪು ಎತ್ತಿ ತೋರಿಸಿತು.

ನನ್ನ ಮಟ್ಟಿಗೆ ಈ ವಿಷಯದ ತಿರುಳು ಇಲ್ಲಿದೆ. ಹೆಣ್ಣನ್ನು ಹೊರಗಿಡುವುದೇ ರಕ್ಷಣೆ ಎಂದುಕೊಂಡಷ್ಟು ಕಾಲ ಸೀಸವನ್ನು ಕಡಿಮೆ ಮಾಡುವ ಒತ್ತಡ ಯಾರ ಮೇಲೂ ಬೀಳುವುದಿಲ್ಲ. ಗಂಡಸಿನದೂ ಮೈಯೇ ಎಂದು ಒಪ್ಪಿಕೊಂಡ ಕೂಡಲೇ ಎಲ್ಲರನ್ನೂ ಹೊರಗಿಡಲು ಆಗುವುದಿಲ್ಲ, ಆಗ ಗಾಳಿಯನ್ನೇ ಚೊಕ್ಕಟ ಮಾಡಬೇಕಾಗುತ್ತದೆ. ಅದು ಖರ್ಚಿನ ಬಾಬತ್ತು.

ದ್ರಾವಕ ಮತ್ತು ಚರ್ಮ

1995ರಲ್ಲಿ ದಕ್ಷಿಣ ಕೊರಿಯಾದ ಒಂದು ಎಲೆಕ್ಟ್ರಾನಿಕ್ಸ್ ಘಟಕದಲ್ಲಿ ಯುವತಿಯರ ಮುಟ್ಟು ನಿಂತುಹೋಗತೊಡಗಿತು. ಸ್ವಿಚ್ಚಿನ ಬಿಡಿಭಾಗಗಳನ್ನು ತೊಳೆಯಲು ಅಲ್ಲಿ ಬಳಸುತ್ತಿದ್ದುದು 2-ಬ್ರೋಮೋಪ್ರೊಪೇನ್. ಅದೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ 8 ಗಂಡಸರನ್ನು ಪರೀಕ್ಷಿಸಿದಾಗ 6 ಮಂದಿಯ ವೀರ್ಯ ಕೆಟ್ಟಿತ್ತು, ಆ ಆರರಲ್ಲಿ ಇಬ್ಬರಿಗೆ ವೀರ್ಯಾಣುವೇ ಇರಲಿಲ್ಲ. ಹೆಂಗಸರ ಮುಟ್ಟು ನಿಲ್ಲದಿದ್ದರೆ ಈ ಗಂಡಸರ ವಿಷಯ ಯಾರಿಗೂ ತಿಳಿಯುತ್ತಿರಲಿಲ್ಲ. ವ್ಯಂಗ್ಯವೆಂದರೆ ಆ ದ್ರಾವಕ ಅಲ್ಲಿಗೆ ಬಂದದ್ದು ಒಳ್ಳೆಯ ಉದ್ದೇಶದಿಂದ. ಓಜೋನ್ ಪದರಕ್ಕೆ ತೂತು ಮಾಡುವ ಸಿಎಫ್‌ಸಿಗಳನ್ನು ಜಗತ್ತು ಕೈಬಿಡುತ್ತಿದ್ದ ಕಾಲ ಅದು, ಅವುಗಳ ಬದಲಿಗೆ ಇದನ್ನು ತಂದಿದ್ದರು. ಆಕಾಶಕ್ಕೆ ಕ್ಷೇಮವಾದದ್ದು ಕೋಣೆಯಲ್ಲಿರುವವರಿಗೆ ಕ್ಷೇಮವೇ ಎಂದು ಮೊದಲೇ ನೋಡಿರಲಿಲ್ಲ.

ಗ್ಲೈಕಾಲ್ ಈಥರ್‌ಗಳ ಕತೆ ಇನ್ನೂ ನಿಧಾನದ್ದು. ಬಣ್ಣ, ಶಾಯಿ, ವಾರ್ನಿಷ್, ಚಿಪ್ ತಯಾರಿಕೆ ಎಲ್ಲದರಲ್ಲೂ ಈ ಕುಟುಂಬದ ದ್ರಾವಕಗಳಿದ್ದವು. ಕುಟುಂಬದ ಎಲ್ಲರೂ ಕೆಟ್ಟವರಲ್ಲ. ಕೆಟ್ಟವರೆಂದು ಖಚಿತವಾಗಿರುವವು ಮುಖ್ಯವಾಗಿ ಎರಡು, 2-ಮೆಥಾಕ್ಸಿಎಥನಾಲ್ ಮತ್ತು 2-ಎಥಾಕ್ಸಿಎಥನಾಲ್. ದೇಹ ಮೊದಲನೆಯದನ್ನು ಮೆಥಾಕ್ಸಿಅಸೆಟಿಕ್ ಆಮ್ಲವಾಗಿ ಬದಲಾಯಿಸುತ್ತದೆ. ವೀರ್ಯಾಣು ತಯಾರಿಯ ನಡುಹಂತದ ಕೋಶಗಳನ್ನು ಹುಡುಕಿ ಕೊಲ್ಲುವುದು ಆ ಆಮ್ಲ. ಹಡಗುಕಟ್ಟೆಯಲ್ಲಿ ಬಣ್ಣ ಬಳಿಯುವವರ ಮೇಲೆ 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೀರ್ಯಾಣು ಕೊರತೆ ಮಾಮೂಲಿಗಿಂತ ಹೆಚ್ಚಿತ್ತು.

ಶಿಫ್ಟ್ ಮುಗಿಯುವ ಹೊತ್ತಿನಲ್ಲಿ ಬಣ್ಣದ ಕೆಲಸದವನ ಕೈಯನ್ನೊಮ್ಮೆ ನೋಡಿ. ಉಗುರಿನ ಸಂದಿಯಲ್ಲಿ, ಬೆರಳ ಗೆಣ್ಣಿನ ಗೆರೆಗಳಲ್ಲಿ ಬಣ್ಣ ಕೂತಿರುತ್ತದೆ. ಸೋಪಿಗೆ ಅದು ಬಿಡುವುದಿಲ್ಲ. ಹಳೇ ಬಟ್ಟೆಯ ಚಿಂದಿಯನ್ನು ತಿನ್ನರ್ ಡಬ್ಬಕ್ಕೆ ಅದ್ದಿ ಹಿಂಡಿ ಮೊಣಕೈವರೆಗೂ ಉಜ್ಜುತ್ತಾನೆ. ಚರ್ಮ ಬೆಳ್ಳಗಾಗಿ ಒಣಗುತ್ತದೆ, ತಣ್ಣಗೆನ್ನಿಸುತ್ತದೆ, ಕೈ ಚೊಕ್ಕಟವಾಯಿತು. ಆ ಡಬ್ಬದಲ್ಲಿ ಇಂಥ ಗ್ಲೈಕಾಲ್ ಈಥರ್ ಇದ್ದರೆ, ದಿನವಿಡೀ ಉಸಿರಿನಲ್ಲಿ ಹೋದದ್ದಕ್ಕಿಂತ ಹೆಚ್ಚು ಆ ಐದು ನಿಮಿಷದಲ್ಲಿ ಮೈಯೊಳಗೆ ಇಳಿದಿರಬಹುದು. ಇವು ನಿಧಾನವಾಗಿ ಆವಿಯಾಗುವ, ಅಷ್ಟೇನೂ ವಾಸನೆಯಿಲ್ಲದ ದ್ರವಗಳು. ಕೋಣೆಯ ಗಾಳಿಯನ್ನು ಅಳೆದರೆ ಎಲ್ಲ ಮಿತಿಯೊಳಗೇ ಇದೆ ಎಂದು ಕಾಗದ ಬರುತ್ತದೆ. ಮಾಸ್ಕ್ ಹಾಕಿಕೊಂಡಿದ್ದರೂ ಉಪಯೋಗವಿಲ್ಲ, ದಾರಿ ಮೂಗಲ್ಲ. ತೆಳು ಲೇಟೆಕ್ಸ್ ಕೈಗವಸು ಇದ್ದರೆ ಅದು ಧೈರ್ಯಕ್ಕೆ ಮಾತ್ರ, ದ್ರಾವಕ ಅದರೊಳಗಿಂದ ಬೇಗನೆ ಇಳಿಯುತ್ತದೆ. ಬ್ಯೂಟೈಲ್ ರಬ್ಬರಿನ ದಪ್ಪ ಕೈಗವಸು ಬೇಕು, ಅದನ್ನು ತೊಟ್ಟು ನಾಜೂಕಿನ ಕೆಲಸ ಆಗುವುದಿಲ್ಲ. ಸುರಕ್ಷತೆಯ ಭಾಷಣಗಳಲ್ಲಿ ಈ ಕೊನೆಯ ಮಾತು ಬರುವುದೇ ಇಲ್ಲ.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ರೇಯಾನ್ ನೂಲು ತಯಾರಿಸುವಲ್ಲಿ ಬಳಸುವ ಕಾರ್ಬನ್ ಡೈಸಲ್ಫೈಡ್ ನರಗಳನ್ನೂ ಕಾಮಾಸಕ್ತಿಯನ್ನೂ ವೀರ್ಯವನ್ನೂ ಒಟ್ಟಿಗೇ ಕೆಡಿಸುತ್ತದೆ. ಎಥಿಲೀನ್ ಡೈಬ್ರೋಮೈಡ್ ಹೊಗೆ ಹಾಕಿ ಪಪ್ಪಾಯಿ ಸಂಸ್ಕರಿಸುತ್ತಿದ್ದ ಹವಾಯಿಯ ಕಾರ್ಮಿಕರಲ್ಲಿ ವೀರ್ಯಾಣು ಇಳಿದದ್ದು 1987ರಲ್ಲಿ ವರದಿಯಾಯಿತು. ಪ್ಲಾಸ್ಟಿಕ್ ಮೆದುಗೊಳಿಸುವ ಥ್ಯಾಲೇಟ್‌ಗಳು ಟೆಸ್ಟೋಸ್ಟೆರಾನ್ ಇಳಿಸುವುದು ಪ್ರಾಣಿಗಳಲ್ಲಿ ಸ್ಪಷ್ಟ, ಪಿವಿಸಿ ಕಾರ್ಖಾನೆಯ ಕಾರ್ಮಿಕರಲ್ಲೂ ಅದರ ಸೂಚನೆಗಳಿವೆ. ರಾಸಾಯನಿಕವಲ್ಲದ ಶಾಖವೂ ಲೆಕ್ಕಕ್ಕೆ ಬರಬೇಕು. ವೃಷಣಕ್ಕೆ ಮೈಗಿಂತ 2ರಿಂದ 4 ಡಿಗ್ರಿ ತಂಪು ಬೇಕು. ಕುಲುಮೆಯ ಮುಂದೆ ನಿಲ್ಲುವವನು, ವೆಲ್ಡಿಂಗ್ ಮಾಡುವವನು ಲೋಹದ ಹೊಗೆಯ ಜೊತೆಗೆ ಈ ಹೊರೆಯನ್ನೂ ಹೊರುತ್ತಾನೆ.

ಸಾಬೀತು ಮಾಡುವುದು ಯಾಕೆ ಕಷ್ಟ

ಇಷ್ಟೆಲ್ಲ ಗೊತ್ತಿದ್ದೂ, ಬಳಕೆಯಲ್ಲಿರುವ ಬಹುಪಾಲು ರಾಸಾಯನಿಕಗಳ ವಿಷಯದಲ್ಲಿ ಗಂಡಸಿನ ಫಲವಂತಿಕೆಯ ಬಗ್ಗೆ ಗಟ್ಟಿ ಮಾತು ಹೇಳಲು ಆಗುವುದಿಲ್ಲ. ಮೊದಲ ತೊಡಕು ಇಲಿಯದೇ. ಗಂಡಿಲಿಯ ವೀರ್ಯಾಣುಗಳಲ್ಲಿ ನೂರಕ್ಕೆ ತೊಂಬತ್ತು ಭಾಗ ಹೋದರೂ ಅದಕ್ಕೆ ಮರಿಗಳಾಗುತ್ತವೆ, ಅಷ್ಟು ಮಿಗತೆ ಅದರ ಬಳಿ ಇದೆ. ಮನುಷ್ಯ ಅಂಚಿನಲ್ಲಿ ಬದುಕುವವನು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ, ಮಕ್ಕಳಿರುವ ಗಂಡಸರ ಲೆಕ್ಕದಿಂದ ಕೆಳಗಿನ ಗಡಿ ಎಂದು ಗುರುತಿಸಿರುವುದು ಮಿಲಿಲೀಟರಿಗೆ 1.6 ಕೋಟಿ. ಎಷ್ಟೋ ಆರೋಗ್ಯವಂತರು ಆ ಗಡಿಯ ಆಸುಪಾಸಿನಲ್ಲೇ ಇರುತ್ತಾರೆ, ಸ್ವಲ್ಪ ತಳ್ಳಿದರೂ ಈಚೆಗೆ ಬೀಳುತ್ತಾರೆ. ಆದ್ದರಿಂದ ಇಲಿಗೆ ಮರಿಯಾಯಿತು, ಹಾಗಾಗಿ ವಸ್ತು ಸುರಕ್ಷಿತ ಎಂಬ ತೀರ್ಮಾನ ಮೊದಲಿನಿಂದಲೂ ಕುಂಟುತ್ತಿದೆ.

ಎರಡನೆಯದು, ವೀರ್ಯ ಕೊಡಲು ಯಾರೂ ಸಾಲುಗಟ್ಟಿ ನಿಲ್ಲುವುದಿಲ್ಲ. ರಕ್ತ ಕೊಡಿ ಎಂದರೆ ತೋಳು ಮಡಚುವವರು ಇದಕ್ಕೆ ಒಪ್ಪುವುದಿಲ್ಲ. ಒಪ್ಪುವವರಲ್ಲೂ ಮಕ್ಕಳಿಲ್ಲದೆ ಅನುಮಾನ ಹತ್ತಿದವರೇ ಜಾಸ್ತಿ, ಹೀಗಾಗಿ ಲೆಕ್ಕ ಒಂದು ಕಡೆಗೆ ವಾಲುತ್ತದೆ. ಒಬ್ಬನದೇ ಎಣಿಕೆ ವಾರದಿಂದ ವಾರಕ್ಕೆ ಏರಿಳಿಯುತ್ತದೆ, ಜ್ವರ ಬಂದು ಹೋದರೂ ಇಳಿಯುತ್ತದೆ. ಇದರಿಂದ ಬೇಸತ್ತ ಸಂಶೋಧಕರು ಹಿಡಿದ ಸರಳ ದಾರಿ ಒಂದು ಪ್ರಶ್ನೆ: ಮಗು ಬೇಕೆಂದುಕೊಂಡ ಮೇಲೆ ಎಷ್ಟು ತಿಂಗಳು ಹಿಡಿಯಿತು? ಸೂಜಿಯಿಲ್ಲ, ಪ್ರಯೋಗಾಲಯವಿಲ್ಲ. ಲ್ಯಾಥ್ರಾಪ್‌ನ ಗಂಡಸರು ತಮ್ಮತಮ್ಮಲ್ಲೇ ಕೇಳಿಕೊಂಡದ್ದಕ್ಕೂ ಇದಕ್ಕೂ ಬಹಳ ವ್ಯತ್ಯಾಸವೇನಿಲ್ಲ.

ಇನ್ನೊಂದು ಕಡೆಯ ಅತಿರೇಕವೂ ಬೇಡ. ಬೋರಾನ್ ಸಂಯುಕ್ತಗಳನ್ನು ಹೆಚ್ಚು ಪ್ರಮಾಣದಲ್ಲಿ ತಿನ್ನಿಸಿದ ಇಲಿಗಳ ವೃಷಣ ಕೆಡುತ್ತದೆ, ಯುರೋಪ್ ಅದನ್ನು ಸಂತಾನಶಕ್ತಿಗೆ ಹಾನಿಕರ ವಸ್ತುಗಳ ಪಟ್ಟಿಗೂ ಸೇರಿಸಿದೆ. ಆದರೆ ಟರ್ಕಿ ಮತ್ತು ಚೀನಾದಲ್ಲಿ ಬೋರಾನ್ ಧೂಳಿನಲ್ಲೇ ದುಡಿಯುವವರನ್ನು ಪರೀಕ್ಷಿಸಿದಾಗ ಅಂಥ ಹಾನಿ ಸ್ಪಷ್ಟವಾಗಿ ಕಾಣಲಿಲ್ಲ. ಪ್ರಮಾಣವೇ ಬೇರೆ. ಹಾಗೆಯೇ, ಗಂಡಸರ ವೀರ್ಯಾಣು ಜಗತ್ತಿನಾದ್ಯಂತ ಕುಸಿಯುತ್ತಿದೆ ಎಂಬ ಸುದ್ದಿಯನ್ನು ಇದರೊಂದಿಗೆ ಕಲಸಬಾರದು. ಹಲವು ಅಧ್ಯಯನಗಳನ್ನು ಒಟ್ಟುಮಾಡಿ 2022ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 1973ರಿಂದ 2018ರೊಳಗೆ ಸರಾಸರಿ ಸಾಂದ್ರತೆ ಮಿಲಿಲೀಟರಿಗೆ 10.1 ಕೋಟಿಯಿಂದ 4.9 ಕೋಟಿಗೆ ಇಳಿಯಿತೆಂದು ಲೆಕ್ಕ ಹಾಕಿತು. ಎಣಿಸುವ ವಿಧಾನ ಬದಲಾದದ್ದೂ ಕಾರಣವಿರಬಹುದೆಂದು ಬಲ್ಲವರು ತಕರಾರು ತೆಗೆದಿದ್ದಾರೆ. ಆ ಜಗಳ ತೀರುವವರೆಗೆ ದುಡಿಮೆಯ ಜಾಗದ ಪ್ರಶ್ನೆ ಕಾಯಬೇಕಿಲ್ಲ. ಅಲ್ಲಿ ವಸ್ತು ಗೊತ್ತು, ಪ್ರಮಾಣ ಗೊತ್ತು, ಮುಟ್ಟುವವನ ಹೆಸರೂ ಹಾಜರಿ ಪುಸ್ತಕದಲ್ಲಿದೆ.

ನಿಯಮಗಳು ನಿಧಾನವಾಗಿ ಹಿಂದಿನಿಂದ ಬರುತ್ತಿವೆ. ಯುರೋಪಿಯನ್ ಒಕ್ಕೂಟ ಕ್ಯಾನ್ಸರ್ ತರುವ ವಸ್ತುಗಳಿಗಿದ್ದ ಬಿಗಿ ಕಾನೂನಿನೊಳಕ್ಕೆ ಸಂತಾನಶಕ್ತಿ ಕೆಡಿಸುವ ವಸ್ತುಗಳನ್ನು 2022ರಲ್ಲಿ ಸೇರಿಸಿತು. ಸದಸ್ಯ ದೇಶಗಳು ಅದನ್ನು ಅಳವಡಿಸಿಕೊಳ್ಳಲು 2024ರ ಏಪ್ರಿಲ್ ಗಡುವಾಗಿತ್ತು. ಜಾಗತಿಕ ಲೇಬಲ್ ಪದ್ಧತಿಯಲ್ಲಿ ಇಂಥ ಡಬ್ಬದ ಮೇಲೆ ಎದೆಯಲ್ಲಿ ನಕ್ಷತ್ರ ಸಿಡಿದಂತಿರುವ ಮನುಷ್ಯನ ಚಿತ್ರ ಇರುತ್ತದೆ. ಎಚ್ 360 ಎಂಬ ಸಂಕೇತವಿದ್ದರೆ ಫಲವಂತಿಕೆಗೋ ಗರ್ಭದಲ್ಲಿರುವ ಮಗುವಿಗೋ ಹಾನಿ ಮಾಡಬಹುದು ಎಂದರ್ಥ, ಎಚ್ 361 ಇದ್ದರೆ ಹಾಗೆಂದು ಶಂಕೆ. ಆದರೆ ದೊಡ್ಡ ಡ್ರಮ್ಮಿನಿಂದ ಸಣ್ಣ ಬಾಟಲಿಗೆ ಸುರಿದುಕೊಂಡಾಗ ಲೇಬಲ್ ಡ್ರಮ್ಮಿನ ಮೇಲೆಯೇ ಉಳಿಯುತ್ತದೆ. ಕೆಲಸದವನ ಕೈಗೆ ಬರುವುದು ಹೆಸರಿಲ್ಲದ ಬಾಟಲಿ.

ಅದೇ ಬಗೆಯ ಖಾಲಿ ಜಾಗ ಸಂತಾನ ಚಿಕಿತ್ಸೆಯ ಚೀಟಿಯಲ್ಲೂ ಇದೆ. ಉದ್ಯೋಗ ಎಂಬ ಕಾಲಂನಲ್ಲಿ 'ಪೇಂಟರ್' ಎಂದೋ 'ಫ್ಯಾಕ್ಟರಿ' ಎಂದೋ ಒಂದು ಪದ ಬರೆದು ಮುಂದಿನ ಸಾಲಿಗೆ ಹೋಗುತ್ತಾರೆ. ಸಿಗರೇಟು, ಕುಡಿತ, ವೃಷಣದ ರಕ್ತನಾಳ ಉಬ್ಬಿದೆಯೇ, ಎಲ್ಲ ಕೇಳುತ್ತಾರೆ. ಕೇಳಬೇಕಾದದ್ದೇ, ಎಷ್ಟೋ ಸಲ ಕಾರಣ ಅಲ್ಲೇ ಇರುತ್ತದೆ. ಅದರ ಜೊತೆಗೆ ಯಾವ ಬಣ್ಣ, ಕೈ ತೊಳೆಯುವುದು ಯಾವುದರಿಂದ, ಕೆಲಸದ ಬಟ್ಟೆ ಮನೆಗೆ ಬರುತ್ತದೆಯೇ, ಅದನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯುತ್ತಾರೆಯೇ, ಜೊತೆಗೆ ದುಡಿಯುವವರಿಗೆ ಮಕ್ಕಳಾಗಿವೆಯೇ ಎಂದು ಕೇಳಲು ಎರಡು ನಿಮಿಷ ಹಿಡಿಯುತ್ತದೆ. ಮೊದಲ ಎಣಿಕೆ ಕಡಿಮೆ ಬಂದಾಗ ಎರಡನೆಯ ಪರೀಕ್ಷೆಯನ್ನು ಮೂರು ತಿಂಗಳು ಬಿಟ್ಟು ಮಾಡಿಸಿದರೆ, ನಡುವಿನ ಆ ಹೊಸ ಬೆಳೆ ಯಾವ ಗಾಳಿಯಲ್ಲಿ ಬೆಳೆಯಿತು ಎಂಬುದು ತಿಳಿದಿರಬೇಕು. ಆ ಮೂರು ತಿಂಗಳು ಅವನು ಯಾವ ಡಬ್ಬ ಮುಟ್ಟಿದ, ಯಾವುದನ್ನು ಮುಟ್ಟಲಿಲ್ಲ ಎಂದು ಬರೆಯಲು ಅದೇ ಚೀಟಿಯಲ್ಲಿ ಒಂದು ಗೆರೆಯಷ್ಟು ಜಾಗ ಸಾಕು.